ಮೈನಸ್ ಮಂದಿ

"ರೋಗ ನನ್ನ ಮಗಳಿಗಿಲ್ರೀ ಡಾಕ್ಟ್ರಬಾಯಿ. ಇಲ್ಲಿ ನಿಂತಾನಲ್ಲ, ಇಂವ ನಮ್ಮ ಮನೀಗೆ ಹತ್ತಿದ ರೋಗ. ಕೊಯ್ಯೂದಿದ್ರ ಮೊದಲ ಇವನ್ನ ಕೊಯ್ದು ಒಗೀರಿ!"

ನೀಲವ್ವ ಈ ಮಾತನ್ನು ಮನೆಯೊಳಗೆ ಆಡಿದ್ದರೆ ಮೌನೇಶ ಒಂದಕ್ಕೆ ನಾಲ್ಕು ಸೇರಿಸಿ ತಿರುಗಿ ಅಂದು, ತಟ್ಟೆ ಒದ್ದು ಹೊರಗೆ ಹೋಗಿ, ಒಂದು ಬೀಡಿ ಸೇದಿ, ಮತ್ತೆ ಬಂದು ಅದೇ ತಾಯಿಯ ಕೈಯಲ್ಲಿ ರೊಟ್ಟಿ ಇಸಿದುಕೊಂಡು ಉಣ್ಣುತ್ತಿದ್ದ. ಆದರೆ ಆಕೆ ಆಡಿದ್ದು ಹತ್ತಿಹಾಳ ಜಿಲ್ಲಾಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಮುಂದಿನ ಪಡಸಾಲೆಯಲ್ಲಿ, ಅದೂ ಅಂಕ ಓದುವ ದಿನ. ರೋಗಿಗಳು, ರೋಗಿಗಳ ಗಂಡಂದಿರು, ಅತ್ತಿಗೆಯರು, ಚಹಾ ಮಾರುವವನು, ಕಸ ಹೊಡೆಯುವವಳು, ಎಲ್ಲರೂ ಕೇಳಿದರು. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ತಂಗಿ ಸುನಂದಾ ಕೂಡ ಕೇಳಿದಳು. ಕೇಳಿ ತಲೆ ಎತ್ತಲಿಲ್ಲ.

ಮೌನೇಶನ ಕಿವಿ ಕಾದ ಕಬ್ಬಿಣವಾಯಿತು. ಅವನು ಬಾಯಿ ತೆರೆದ. ಬರೀ ತೆರೆದ, ಇನ್ನೂ ಒಂದಕ್ಷರ ಹೊರಬಿದ್ದಿರಲಿಲ್ಲ. ಅಷ್ಟರಲ್ಲಿ ಪಡಸಾಲೆಯಲ್ಲಿದ್ದ ರೋಗಿಗಳೆಲ್ಲ ತಮ್ಮ ಮಣಿಕಟ್ಟನ್ನು ಸೆರಗಿನಲ್ಲಿ, ಟವೆಲಿನಲ್ಲಿ, ಅಂಗಿಯ ತುದಿಯಲ್ಲಿ ಸುತ್ತಿಕೊಂಡರು. ಒಬ್ಬ ಮುದುಕನಂತೂ ಕೈಯನ್ನೇ ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಕೂತುಬಿಟ್ಟ. ಅವರ ಮಣಿಕಟ್ಟಿನ ಪಟ್ಟಿಗೆ ಇವನ ದನಿ ಬಿದ್ದರೆ, ಇವನ ಅಬ್ಬರಕ್ಕೆ ಅವರ ಎದೆ ಹಾರಿದರೆ, ಅವರ ಅಂಕವೂ ಇಳಿಯುತ್ತಿತ್ತು. ಯಾರೂ ಅವನನ್ನು ಬಯ್ಯಲಿಲ್ಲ. ಹುಚ್ಚು ನಾಯಿ ಬಂದಾಗ ಅದನ್ನು ಯಾರು ಬಯ್ಯುತ್ತಾರೆ?

ಅವನು ಬಾಯಿ ಮುಚ್ಚಿದ.

"ನೀಲವ್ವ, ಹಂಗೆಲ್ಲ ಅನಬಾರದು" ಎಂದರು ಡಾಕ್ಟರ್ ವತ್ಸಲಾ ಕಟ್ಟಿಮನಿ. ಆದರೆ ಅದು ಸುಳ್ಳು ಎಂದು ಹೇಳಲಿಲ್ಲ. "ಸುನಂದಾನ ಮನಿ ಅಂಕ ಅರವತ್ತೊಂದು. ಎಪ್ಪತ್ತಾಗದ ನನ್ನ ಕೈಯಾಗ ಏನೂ ಇಲ್ಲ. ಮೌನೇಶ, ನಾಳೆ ಬಂದು ಕಾಣು. ಒಬ್ಬಾವನ ಬಾ."

ಸಂಗತಿ ಏನೆಂದರೆ, ಆ ಹೊತ್ತಿಗೆ ಮೂತ್ರಪಿಂಡ ಬೆಳೆಸುವ ವಿದ್ಯೆ ಬಂದಿತ್ತು. ರೋಗಿಯ ತೊಡೆಯಿಂದ ಚಿಟಿಕೆ ಮಾಂಸ ತೆಗೆದು, ಅದರ ಕಣಗಳನ್ನು ಜೇನುಗೂಡಿನಂಥ ಜಾಲರಿಯ ಮೇಲೆ ಕೂರಿಸಿ, ಬೆಚ್ಚಗಿನ ದ್ರವದ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಸಾಕಿದರೆ ಮುಷ್ಟಿ ಗಾತ್ರದ ಹೊಸ ಅಂಗ. ಯಾರೋ ಸಾಯಲಿ, ಯಾರೋ ದಾನ ಮಾಡಲಿ ಎಂದು ಕಾಯುವ ಕಾಲ ಮುಗಿಯಿತೆಂದು ಟಿವಿಯವರು ಕುಣಿದಾಡಿದ್ದರು. ಆದರೆ ತೊಟ್ಟಿಗಳು ಇಡೀ ರಾಜ್ಯಕ್ಕೆ ಬೆರಳೆಣಿಕೆ. ಒಂದು ಜಿಲ್ಲೆಯಿಂದ ವರ್ಷಕ್ಕೆ ಮೂರು ಹೆಸರು ಕಳಿಸಬಹುದಿತ್ತು, ಅಷ್ಟೇ. ಸಾಲದ್ದಕ್ಕೆ ಹೀಗೆ ಬೆಳೆದ ಅಂಗ ಹಸುಗೂಸಿನಂಥದು. ಮೊದಲ ಎರಡು ವರ್ಷ ಅದಕ್ಕೆ ಧೂಳು ಆಗದು, ಹೊಗೆ ಆಗದು, ಗುಳಿಗೆ ತಪ್ಪಿದರೆ ಆಗದು, ರಕ್ತದ ಒತ್ತಡ ಏರಿಳಿದರೆ ಆಗದು. ಮೊದಲ ಸಲ ಕೊಟ್ಟ ಅಂಗಗಳಲ್ಲಿ ಅರ್ಧಕ್ಕರ್ಧ ಮನೆಗೆ ಹೋಗಿ ಕಮರಿಹೋದವು. ಆಗ ರಾಜಧಾನಿಯಲ್ಲಿ ದೊಡ್ಡವರು ಕೂತು ತೀರ್ಮಾನ ಮಾಡಿದರು: ಅಂಗ ಉಳಿಸುವುದು ರೋಗಿಯಲ್ಲ, ರೋಗಿಯ ಮನೆ. ಆದ್ದರಿಂದ ರೋಗಿಯನ್ನಲ್ಲ, ಮನೆಯನ್ನು ಆರಿಸಬೇಕು. ಹಾಗೆ ತೀರ್ಮಾನ ಮಾಡಿದವರ ಮನೆಗಳಲ್ಲಿ ತಲೆಗೊಂದು ಕೋಣೆ ಇತ್ತು, ಅದು ಬೇರೆ ಮಾತು.

ಹಾಗೆ ಬಂದದ್ದು ಆ ಬಿಳಿ ಪೆಟ್ಟಿಗೆ. ಇಟ್ಟಿಗೆಯಷ್ಟು ದಪ್ಪ. ಗೋಡೆಗೆ ಮೊಳೆ ಹೊಡೆದು ಕೂರಿಸಿದರೆ ಮುಗಿಯಿತು. ಕಣ್ಣಿಲ್ಲ, ಕಿವಿ ಮತ್ತು ಮೂಗು ಮಾತ್ರ. "ಮಾತು ಕೇಳೂದಿಲ್ಲ, ದನಿ ಅಷ್ಟ ಕೇಳ್ತೈತಿ, ಯಾರ ದನಿ ಅನ್ನೂದು ಗುರ್ತು ಹಿಡೀತೈತಿ" ಎಂದು ಹಚ್ಚಲು ಬಂದವರು ಹೇಳಿದ್ದರು. ಮನೆಯಲ್ಲಿ ಎಷ್ಟು ಕೆಮ್ಮು, ಎಷ್ಟು ಹೊಗೆ, ಗುಳಿಗೆಯ ಡಬ್ಬಿ ಹೊತ್ತಿಗೆ ಸರಿಯಾಗಿ ತೆರೆಯಿತೋ ಇಲ್ಲವೋ, ಎಲ್ಲ ಅದಕ್ಕೆ ತಿಳಿಯುತ್ತಿತ್ತು. ರೋಗಿಯ ಮಣಿಕಟ್ಟಿನ ಪಟ್ಟಿ ನಾಡಿ, ನಿದ್ದೆ, ಒತ್ತಡ ನೋಡುತ್ತಿತ್ತು, ಹತ್ತಿರದ ದನಿಯನ್ನೂ ಹಿಡಿಯುತ್ತಿತ್ತು. ಸಮಾಧಾನವಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಹಳದಿ. ಪೆಟ್ಟಿಗೆಯ ಲೆಕ್ಕ, ಪಟ್ಟಿಯ ಲೆಕ್ಕ ಎರಡನ್ನೂ ಕೂಡಿಸಿ ಮನೆಗೊಂದು ಅಂಕ. ಎಪ್ಪತ್ತು ದಾಟಿದರೆ ಡಾಕ್ಟರು ಹೆಸರನ್ನು ಮೇಲಕ್ಕೆ ಶಿಫಾರಸು ಮಾಡಬಹುದು. ದಾಟದಿದ್ದರೆ ಸಾಲಿನ ಕೊನೆಗೆ ನಿಲ್ಲುವ ಹಕ್ಕೂ ಇಲ್ಲ. ಸಾಲು ಎಂಬುದೊಂದು ಇದೆ ಎಂದು ಕೇಳುತ್ತ, ವಾರಕ್ಕೆ ಮೂರು ಸಲ ರಕ್ತ ತೊಳೆಸಿಕೊಳ್ಳುತ್ತ, ತೊಳೆಸಿಕೊಳ್ಳಲಾಗದ ದಿನ ಬರುವ ತನಕ ಇರಬೇಕು.

ಗಲ್ಲಿಯ ಹೆಂಗಸರು ಅದಕ್ಕೆ ಗ್ವಾಡಿ ಅತ್ತಿ ಎಂದು ಹೆಸರಿಟ್ಟರು. ಒಂದೂ ಮಾತಾಡದೆ, ಕೂತಲ್ಲೇ ಕೂತು, ಎಲ್ಲರ ತಪ್ಪು ಎಣಿಸುವ ಗೋಡೆಯ ಮೇಲಿನ ಅತ್ತೆ. ಮೊದಮೊದಲು ನಕ್ಕರು. ಆಮೇಲೆ ನಗುವುದಕ್ಕೂ ಅಂಜಿದರು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಪಕ್ಕದ ಮನೆಯ ಕುಕ್ಕರಿನ ಸೀಟಿಯೂ ರೋಗಿಯ ನಿದ್ದೆ ಕೆಡಿಸೀತೆಂದು ನೆರೆಯವರು ಕುಕ್ಕರ್ ಅಟ್ಟಕ್ಕೆ ಹಾಕಿದರು. ಅಳುವ ಕೂಸನ್ನು ಎತ್ತಿಕೊಂಡು ಬಾಣಂತಿಯರು ಬಿಸಿಲಿಗೆ ಓಡಿದರು. ಗಂಡ ಹೆಂಡಿರ ಜಗಳ ನೀರಿನ ಟಾಕಿಯ ಕೆಳಗೆ ನಡೆಯತೊಡಗಿತು. "ಟಾಕಿ ಕಡೆ ಹೋಗಿ ಬರೂಣು, ನಡಿ" ಎಂದು ಹೆಂಡತಿ ಮೆಲ್ಲಗೆ ಅಂದರೆ ಗಂಡನ ಮುಖ ಬೆಳ್ಳಗಾಗುತ್ತಿತ್ತು. ಅಲ್ಲಿ ಹೋದರೆ ಮೊದಲೇ ಎರಡು ಜೋಡಿ ಜಗಳವಾಡುತ್ತ ನಿಂತಿರುತ್ತಿದ್ದವು. ಇವರು ನೆರಳಲ್ಲಿ ಕೂತು ತಮ್ಮ ಪಾಳಿ ಕಾಯಬೇಕು. ಕಾಯುತ್ತ ಕಾಯುತ್ತ ಕೆಲವರಿಗೆ ಯಾಕೆ ಬಂದೆವೆಂಬುದೇ ಮರೆತುಹೋಗಿ ಮನೆಗೆ ಮರಳಿದ್ದೂ ಉಂಟು.

ನೀಲವ್ವನ ತಪ್ಪು ಬೇರೆ ತರದ್ದು. ಅವರದು ಬಡಿಗೇರ ಮನೆತನ. ಕುಲುಮೆ, ಸುತ್ತಿಗೆ, ಉಳಿ, ಕೈಯಲ್ಲಿ ಹಿಡಿದ ಯಾವ ಸಲಕರಣೆಯನ್ನೂ ಪೂಜೆ ಮಾಡದೆ ಮುಟ್ಟಿದವರಲ್ಲ. ಮಗಳ ಜೀವವನ್ನೇ ಹಿಡಿದು ಕೂತಿರುವ ಯಂತ್ರಕ್ಕೆ ಒಂದು ಊದಿನಕಡ್ಡಿ ಹಚ್ಚದೆ ಇರಲು ಆಕೆಗೆ ಮನಸ್ಸು ಹೇಗೆ ಬಂದೀತು? ಮಂಗಳವಾರ, ಶುಕ್ರವಾರ ಪೆಟ್ಟಿಗೆಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕೆಂಡದ ಮೇಲೆ ಲೋಬಾನ ಉದುರಿಸಿ, "ಯವ್ವಾ, ನನ್ನ ಮಗಳಿಗೆ ನಾಕು ಅಂಕ ಹೆಚ್ಚಿಗಿ ಹಾಕು" ಎಂದು ಕೈಮುಗಿದಳು. ಪೆಟ್ಟಿಗೆ ಆ ಹೊಗೆಯನ್ನು ಮೂಸಿ ನೋಡಿ, ಈ ಮನೆಯಲ್ಲಿ ಯಾರೋ ಕೋಣೆ ತುಂಬ ಬೀಡಿ ಸೇದುತ್ತಾರೆಂದು ತಿಳಿದು ಅಂಕ ಕಿತ್ತಿತು. ವಿಷಯ ತಿಳಿದ ದಿನ ಮೌನೇಶ ತಾಯಿಯ ಮೇಲೆ ಮನೆ ಹಾರಿಹೋಗುವಂತೆ ಕೂಗಾಡಿದ. ಲೋಬಾನದ ಬಟ್ಟಲನ್ನು ಬೀದಿಗೆಸೆದ. ಆ ಕೂಗಾಟಕ್ಕೆ ಇನ್ನಷ್ಟು ಅಂಕ ಹೋಯಿತು. ಹೀಗೆ ಅರವತ್ತೆಂಟು ಇದ್ದದ್ದು ಅರವತ್ತೊಂದಾಯಿತು. ಹೊಗೆ ಹಾಕಿದ್ದು ತಾನೆಂಬ ಸಂಕಟವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ನೀಲವ್ವ ಪಡಸಾಲೆಯಲ್ಲಿ ಮಗನ ಮೇಲೆ ಉಗುಳಿದ್ದಳು.

ಮರುದಿನ ಅವನು ಹೋದಾಗ ಡಾಕ್ಟರು ಅವನನ್ನು ಕರೆದುಕೊಂಡು ಹೋದದ್ದು ಆಸ್ಪತ್ರೆಯ ಹಿಂಬದಿಯ ಅಂಕದ ಕೋಣೆಗೆ. ಮೊದಲು ಎಕ್ಸ್‌ರೇ ತೆಗೆಯುತ್ತಿದ್ದ ಕೋಣೆ, ಕಿಟಕಿಯಿಲ್ಲ. ಗೋಡೆಯುದ್ದ ಪರದೆ. ಪರದೆಯ ಮೇಲೆ ಊರಿನ ನಕ್ಷೆ, ಅದರ ತುಂಬ ಸಣ್ಣ ಸಣ್ಣ ಚುಕ್ಕಿಗಳು ಬೆಳಗುತ್ತ, ಮಂಕಾಗುತ್ತ, ಮತ್ತೆ ಬೆಳಗುತ್ತ ಇದ್ದವು. ಒಂದೊಂದು ಚುಕ್ಕಿಯೂ ಒಂದೊಂದು ಮನೆ. ಊರಿನ ಅತ್ತೆಯರೆಲ್ಲ ಇಲ್ಲಿಗೆ ಬಂದು ಚಾಡಿ ಹೇಳುತ್ತಿದ್ದರು. ಏಸಿಯ ತಂಪಿಗೋ ಏನೋ ಮೌನೇಶನ ತೋಳಿನ ಕೂದಲು ನೆಟ್ಟಗಾದವು.

"ಕೂಡು."

"ನಿಂತಿರ್ತೀನ್ರಿ."

"ಕೂಡೋ ಮಾರಾಯ. ಇಲ್ಲಿ ನಿನ್ನ ಅಂಕ ಯಾರೂ ಕಿತ್ತಕೊಳ್ಳೂದಿಲ್ಲ."

ಅವನು ಕುರ್ಚಿಯ ತುದಿಯಲ್ಲಿ ಕೂತ. "ಮ್ಯಾಡಂ, ನಾ ಲಾರಿ ಬಾಡಿ ಕಟ್ಟಾವ. ಮುಂಜಾನಿಂದ ಸಂಜಿತನ ಗ್ರೈಂಡರ್ ಸದ್ದಿನಾಗ ಒದರಿ ಒದರಿ ಗಂಟಲ ಹಿಂಗ ಆಗೇತಿ. ಇದು ಸಿಟ್ಟಲ್ರಿ. ನನ್ನ ದನೀನ ಇಷ್ಟ."

"ಗೊತ್ತು. ಯಂತ್ರಕ್ಕೂ ಗೊತ್ತು. ಅದನ್ನ ಬಿಟ್ಟ ಲೆಕ್ಕ ಹಾಕ್ತದ."

"ಲೆಕ್ಕ!" ಅವನ ದನಿ ಏರಿತು. "ದೊಡ್ಡ ಮನ್ಯಾಗ ಸಿಟ್ಟ ಬಂದ್ರ ಬ್ಯಾರೆ ಕೋಲಿಗೆ ಹೋಗಿ ಬಾಗಲ ಹಾಕ್ಕೋತಾರ. ನಮಗಿರೂದು ಒಂದ ಕೋಲಿ, ಒಂದ ಬಾಗಲ. ಉಣ್ಣೂದು, ಮಲಗೂದು, ಅಳೂದು, ಬೈಯೂದು, ಎಲ್ಲಾ ಅದರ ಕಿವೀಮುಂದನ ಆಗ್ಬೇಕು. ನಿಮ್ಮ ಮನ್ಯಾಗೊಂದು ಆ ಪೆಟಗಿ ಹಚ್ಚಿ ನೋಡ್ರಲ್ಲ, ಎಷ್ಟು ಬರ್ತೈತಿ!"

ಡಾಕ್ಟರು ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸಿದರು.

"ಹಚ್ಚಿ ನೋಡೀನಿ. ಐವತ್ನಾಕು ಬಂತು" ಎಂದರು. "ಮೌನೇಶ, ಈ ಪೆಟ್ಟಿಗಿ ಬರೂಕಿಂತ ಮೊದಲು ಹೆಸರು ಆರಿಸ್ತಿದ್ದಾಕಿ ನಾನು. ಹ್ಯಾಂಗ ಆರಿಸ್ತಿದ್ದೆ ಗೊತ್ತದೇನು? ಮುಖ ನೋಡಿ. ಇಸ್ತ್ರಿ ಅಂಗಿ ಹಾಕ್ಕೊಂಡು ಬಂದವರು, ನಾನು ಹೇಳಿದ್ದು ತಿಳದವರಂಗ ತಲಿ ಆಡಿಸಿದವರು, ಥ್ಯಾಂಕ್ಯೂ ಅಂದವರು. ಹಂಗ ಒಬ್ಬ ಮಾಸ್ತರನ್ನ ಕಳಿಸಿದೆ. ಹೊಸ ಕಿಡ್ನಿ ಹಾಕಿಸಿಕೊಂಡು ಬಂದ. ಅವರಪ್ಪ ಯಾವುದೋ ಬೇರಿನ ರಸ ಕುಡಿಸಿದ. ಆರು ತಿಂಗಳಿಗೆ ಅದು ಒಣಗಿಹೋತು. ಅವನ ಹಿಂದ ಒಬ್ಬಾಕಿ ಇದ್ದಳು, ಮೆಣಸಿನಕಾಯಿ ತೊಟ್ಟು ಮುರಿಯಾಕಿ. ಸೀರಿ ಹೊಲಸಿತ್ತು. ನಾನು ಆಕೀನ್ನ ಕಳಿಸಿರಲಿಲ್ಲ." ಅವರು ಕನ್ನಡಕ ಹಾಕಿಕೊಂಡರು. "ಆಕಿ ಈಗಿಲ್ಲ. ಈ ಪೆಟ್ಟಿಗಿ ಅಂಗಿ ನೋಡೂದಿಲ್ಲ, ಸೀರಿ ನೋಡೂದಿಲ್ಲ. ಈಗ ನೀನ ಹೇಳು. ನಾ ಆರಿಸ್ಲೋ, ಅದು ಆರಿಸ್ಲೋ?"

"ಎರಡೂ ಬ್ಯಾಡ್ರಿ."

"ಮೂರನೇದು ಇಲ್ಲಪ. ಇರೂದು ಮೂರು ಹೆಸರಿನ ಜಾಗ."

ಆಮೇಲೆ ಅವರು ಪರದೆಯ ಮೇಲೆ ಒಂದು ಚುಕ್ಕಿಯನ್ನು ಒತ್ತಿದರು. ಒಂದು ಗೆರೆ ಹರಡಿಕೊಂಡಿತು. ಅದು ಸುನಂದಾಳ ರಕ್ತದ ಒತ್ತಡ. ಮಧ್ಯಾಹ್ನವೆಲ್ಲ ಮಲಗಿದ ಹಾವಿನ ಹಾಗೆ ನೀಟಾಗಿ ಬಿದ್ದಿದ್ದ ಗೆರೆ ಸಂಜೆಯ ಹೊತ್ತಿಗೆ ಥಟ್ಟನೆ ಹೆಡೆ ಎತ್ತಿತ್ತು.

"ಇಲ್ಲಿ ಏನಾತ್ರಿ? ನಾ ಬೈದ್ನೇನು?"

"ಇಲ್ಲ. ಇಲ್ಲಿ ನಿನ್ನ ಗಾಡಿ ಗಲ್ಲಿ ತಿರುವಿಗೆ ಬಂತು. ಪೆಟ್ಟಿಗಿ ಆ ಸದ್ದು ಹಿಡದದ."

"ಮನ್ಯಾಗ ಇನ್ನೂ ಕಾಲ ಇಟ್ಟಿಲ್ಲಲ್ರಿ ನಾನು?"

"ಇಟ್ಟಿಲ್ಲ."

ಹಿಂದಿನ ದಿನದ ಗೆರೆ ತೋರಿಸಿದರು. ಅದರ ಹಿಂದಿನದು. ಅದರ ಹಿಂದಿನದು. ಎಲ್ಲ ಸಂಜೆಯೂ ಆ ಹಾವು ಅದೇ ಜಾಗದಲ್ಲಿ ತಲೆ ಎತ್ತುತ್ತಿತ್ತು. ಅವನು ಕೂಗಾಡಿದ ದಿನ ಮಾತ್ರವಲ್ಲ. ಆಕೆಗೆಂದು ಬಳೆ ತಂದ ದಿನ, ನಗುತ್ತ ಬಂದ ದಿನವೂ. ಗಾಡಿಯ ಸದ್ದು ಕೇಳಿದೊಡನೆ ತಂಗಿಯ ಮೈಯೊಳಗೆ ಏನೋ ಎದ್ದು ನಿಲ್ಲುತ್ತಿತ್ತು. ಆಕೆಗೆ ತಿಳಿದಿತ್ತೋ ಇಲ್ಲವೋ. ಇವನಿಗಂತೂ ತಿಳಿದಿರಲಿಲ್ಲ.

ಅವನು ಗೆರೆಯ ಕಡೆ ಬೆರಳು ಮಾಡಿದ. "ಅದು ಅಂಜಿಕೀ ಏನ್ರಿ?"

"ಪಟ್ಟಿಗೆ ಅದು ತಿಳಿಯೂದಿಲ್ಲ. ಏರ್ತದ ಅನ್ನೂದಷ್ಟ ಅದಕ್ಕ ಗೊತ್ತು. ಯಾಕ ಏರ್ತದ ಅನ್ನೂದನ್ನ ನಿನ್ನ ತಂಗೀನ್ನ ಕೇಳು."

ಅವನು ಆ ಗೆರೆಗಳನ್ನು ಮತ್ತೊಮ್ಮೆ ನೋಡಿದ. "ನಾ ಮನ್ಯಾಗ ಇರ್ಲಿಲ್ಲಂದ್ರ ಎಷ್ಟಾಗ್ತದ್ರಿ?" ಎಂದ.

ಡಾಕ್ಟರು ಮುಖ ತಿರುಗಿಸಿದರು. "ಅದನ್ನ ನಾ ಹೇಳಬಾರದು." ಎದ್ದು ನಿಂತರು. "ನೀರು ಕುಡದು ಬರ್ತೀನಿ" ಎಂದು ಹೊರಗೆ ಹೋದರು. ಮೇಜಿನ ಮೇಲೆ ಅವರ ನೀರಿನ ಬಾಟಲಿ ತುಂಬಿಯೇ ಇತ್ತು. ಪರದೆಯನ್ನು ಅವರು ಆರಿಸಿರಲಿಲ್ಲ.

ಪರದೆಯ ಮೂಲೆಯಲ್ಲಿ ಮೌನೇಶನ ಮನೆಯ ಮಂದಿಯ ಹೆಸರುಗಳಿದ್ದವು. ಸುನಂದಾ, ನೀಲವ್ವ, ಮೌನೇಶ. ತಾಯಿಯ ಹೆಸರಿನ ಮುಂದೆ, ಇವನ ಹೆಸರಿನ ಮುಂದೆ ಒಂದೊಂದು ಸರಿ ಗುರುತು. ಏಳನೇ ಇಯತ್ತೆಗೆ ಸಾಲೆ ಬಿಟ್ಟವನಾದರೂ ಅದೇನೆಂದು ತಿಳಿಯದಷ್ಟು ದಡ್ಡನಾಗಿರಲಿಲ್ಲ ಅವನು. ವೆಲ್ಡಿಂಗ್ ಕಿಡಿಯಿಂದ ಸುಟ್ಟು ಗಟ್ಟಿಯಾದ ಬೆರಳನ್ನು ಮೆಲ್ಲಗೆ ತನ್ನ ಹೆಸರಿನ ಮುಂದೆ ಒತ್ತಿದ. ಗುರುತು ಅಳಿಸಿಹೋಯಿತು. ಮೇಲಿದ್ದ ಅರವತ್ತೊಂದು ಒಮ್ಮೆ ಕಣ್ಣು ಮಿಟುಕಿಸಿದ ಹಾಗೆ ಮಾಡಿ ಎಪ್ಪತ್ತೇಳಾಯಿತು.

ತಾನು ಸತ್ತ ಮೇಲಿನ ಮನೆಯನ್ನು ಕಿಟಕಿಯಿಂದ ಇಣುಕಿ ನೋಡಿದ ಹಾಗಾಯಿತು ಅವನಿಗೆ. ಎಲ್ಲರೂ ಸುಖವಾಗಿದ್ದರು.

ಆ ಸಂಜೆ ಗಲ್ಲಿಯ ತಿರುವಿನಲ್ಲೇ ಗಾಡಿ ಆರಿಸಿ, ತಳ್ಳಿಕೊಂಡು ಮನೆಗೆ ಬಂದ. ಸುನಂದಾ ಹೊಸ್ತಿಲ ಬಳಿ ಕೂತು ಕೌದಿ ಹೊಲಿಯುತ್ತಿದ್ದಳು. ನೆರಳು ಬಿದ್ದಾಗಲೇ ತಲೆ ಎತ್ತಿ, ಬೆಚ್ಚಿ, ಸೂಜಿ ಚುಚ್ಚಿಕೊಂಡಳು. ಮಣಿಕಟ್ಟಿನ ದೀಪ ಹಸಿರಿನಿಂದ ಹಳದಿಗೆ ತಿರುಗಿತು.

"ಯವ್ವಾ! ಭೂತ ಬಂದಂಗ ಬಂದ್ಯಲ್ಲೋ ಅಣ್ಣ. ಗಾಡಿ ಕೆಟ್ಟತೇನು?"

"ಹೂಂ."

ಅವನು ಅವಳ ಪಕ್ಕ ಕೂತ. ಒಳಗೆ ಗೋಡೆಯ ಮೇಲೆ ಪೆಟ್ಟಿಗೆ. ಅದರ ಹಣೆಯ ಮೇಲೆ ನೀಲವ್ವ ಹಚ್ಚಿದ್ದ ಕುಂಕುಮದ ಕಲೆ ಇನ್ನೂ ಇತ್ತು. ಅವನು ಉಸಿರಿನಲ್ಲೇ ಕೇಳಿದ, "ಸುನಿ, ಖರೇ ಹೇಳು. ನನ್ನ ಕಂಡ್ರ ನಿನಗ ಅಂಜಿಕಿ ಐತೇನು?"

"ನಿನಗಾ?" ಅವಳು ನಕ್ಕಳು. "ಇಲಿ ಬಂದ್ರ ನನ್ನ ಬೆನ್ನಹಿಂದ ಅಡಗಾವ ನೀನು. ನಿನಗ್ಯಾಂವ ಅಂಜ್ತಾನ?" ನಗು ಅರ್ಧಕ್ಕೆ ನಿಂತಿತು. ಅವಳ ಕಣ್ಣು ಅವನನ್ನು ದಾಟಿ ಗೋಡೆಯ ಕಡೆ ಹೋಯಿತು. "ಅದರ ಮುಂದ ಇದೆಲ್ಲಾ ಕೇಳಬ್ಯಾಡಣ್ಣ" ಎಂದಳು ತುಟಿಯಷ್ಟೇ ಅಲುಗಿಸಿ. ಮತ್ತೆ ಸೂಜಿ ಹಿಡಿದಳು. ದೀಪ ಹಳದಿಯೇ ಇತ್ತು.

ನೀಲವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ತಿಂಗಳುಗಳಾಗಿದ್ದವು, ಬಡಿದರೆ ಸದ್ದಾಗುತ್ತದೆ. ಲಟ್ಟಿಸಿದ ರೊಟ್ಟಿಯನ್ನು ತಟ್ಟೆಗೆ ಹಾಕಿ ಮಗನ ಮುಂದೆ ಸರಿಸಿದಳು. ಪಡಸಾಲೆಯ ಮಾತಿನ ಮೇಲೆ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

"ನಿಮ್ಮಪ್ಪ ಸತ್ತ ದಿನ" ಎಂದಳು, ಒಲೆಯ ಕಡೆ ಮುಖ ಮಾಡಿಕೊಂಡೇ, "ಇನ್ನ ಈ ಮನ್ಯಾಗ ಒದರಾಟ ಮುಗೀತು ಅನ್ಕೊಂಡಿದ್ದೆ."

ಅವನು ತುತ್ತು ನುಂಗಲಿಲ್ಲ, ಉಗುಳಲೂ ಇಲ್ಲ. ಹೊರಗೆ ಜಗಲಿಗೆ ಒರಗಿಸಿದ್ದ ಗಾಡಿ ಅಪ್ಪನದು. ಆ ಗಾಡಿ ಗಲ್ಲಿ ತಿರುಗಿದ ಸದ್ದು ಕೇಳಿದರೆ ಅಣ್ಣ ತಂಗಿ ಇಬ್ಬರೂ ಜೋಳದ ಕಣಜದ ಹಿಂದೆ ಸೇರಿಕೊಳ್ಳುತ್ತಿದ್ದದ್ದು ನೆನಪಾಯಿತು. ಅವಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವನು ಇವನೇ. ಬೆಳೆದು ಅದೇ ಗಾಡಿ ಹತ್ತಿದ. ಅದೇ ದನಿ ಗಂಟಲಿಗೆ ಬಂತು. ಇದನ್ನು ಮನೆಯವರು ಯಾರೂ ಅವನಿಗೆ ಹೇಳಿರಲಿಲ್ಲ. ಗೋಡೆಗೆ ಹಚ್ಚಿದ ಒಂದು ಪೆಟ್ಟಿಗೆ ಹೇಳಬೇಕಾಯಿತು.

ಎರಡು ಅಂಗಿ, ಒಂದು ಚಾದರ ಚೀಲಕ್ಕೆ ತುರುಕಿದ. ನೀಲವ್ವ ಎಲ್ಲಿಗೆ ಎಂದು ಕೇಳಲಿಲ್ಲ. ಬೇಡ ಎನ್ನಲೂ ಇಲ್ಲ. ಅವನು ಹೊಸ್ತಿಲು ದಾಟುವಾಗ ಒಂದು ಬುತ್ತಿಯ ಗಂಟನ್ನು ಕೈಗಿಟ್ಟಳು. ಅದು ಬೆಚ್ಚಗಿತ್ತು, ಅಂದರೆ ಅವನು ಚೀಲ ಹುಡುಕುವ ಮೊದಲೇ ಆಕೆ ಕಟ್ಟಿಟ್ಟಿದ್ದಳು.

ಊರಾಚೆ ಮುಚ್ಚಿಹೋದ ಹತ್ತಿಯ ಜಿನ್ನಿಂಗ್ ಮಿಲ್ಲೊಂದಿತ್ತು. ಅವನು ಹೋದದ್ದು ಅಲ್ಲಿಗೆ. ಅಲ್ಲಿದ್ದವರನ್ನು ಊರು ಮೈನಸ್ ಮಂದಿ ಎನ್ನುತ್ತಿತ್ತು. ಯಾರ ಹೆಸರಿನ ಮುಂದಿನ ಗುರುತು ಅಳಿಸಿದರೆ ಮನೆಯ ಅಂಕ ಏರುತ್ತಿತ್ತೋ, ಆ ಜನ. ಗೂರಲು ಕೆಮ್ಮಿನ ಅಜ್ಜಿಯರು, ಕುಡುಕ ಗಂಡಂದಿರು, ನಿದ್ದೆಯಲ್ಲಿ ಕಿರುಚುವ ಒಬ್ಬ ಸೊಸೆ, ತಲೆ ಸರಿಯಿಲ್ಲದ ಚಿಕ್ಕಪ್ಪಂದಿರು. ಹುಸೇನಪ್ಪ ಎಂಬ ಮುದುಕ ಯಾವ ತಪ್ಪನ್ನೂ ಮಾಡಿದವನಲ್ಲ; ಕಿವುಡ, ಆದ್ದರಿಂದ ದೊಡ್ಡದಾಗಿ ಮಾತಾಡುತ್ತಿದ್ದ. ಮೊಮ್ಮಗನಿಗೆ ಡಯಾಲಿಸಿಸ್ ಶುರುವಾದ ಮೇಲೆ ಮಕ್ಕಳು ಅವನನ್ನು ಇಲ್ಲಿ ತಂದು ಬಿಟ್ಟಿದ್ದರು. ಹಬ್ಬಕ್ಕೆ ಹೋಳಿಗೆ ಬರುತ್ತಿತ್ತು.

ಮೌನೇಶನಿಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಅವರ ಗೋಳು ಕಂಡಲ್ಲ, ಅವರ ಹೆಮ್ಮೆ ಕಂಡು. ಸಂಜೆಯಾದರೆ ಸಾಕು, ಎಲ್ಲರೂ ಮೊಬೈಲು ಹಿಡಿದು ತಾವು ಬಿಟ್ಟು ಬಂದ ಮನೆಯ ಅಂಕ ನೋಡುತ್ತಿದ್ದರು.

"ನಾ ಹೊಂಟು ಬಂದಮ್ಯಾಲ ಒಂಬತ್ತು ಏರೇತಿ ನೋಡಪಾ!" ಎಂದು ಹುಸೇನಪ್ಪ ಮಿಲ್ಲು ನಡುಗುವಂತೆ ಕೂಗಿದ.

"ಒಂಬತ್ತು ಏನ್ ದೊಡ್ಡದು? ನಂದು ಹನ್ನೊಂದು" ಎಂದಳು ಕಾಶವ್ವ, ಗೂರಲು ಕೆಮ್ಮಿನ ನಡುವೆ. "ನನ್ನ ಸೊಸಿ ಫೋನ್ ಮಾಡಿ ಅತ್ತಳು, ಅತ್ತಿ ನಿಮ್ಮ ಪುಣ್ಯ ಅಂತ." ಆಕೆ ಬೆಲ್ಲ ಹಂಚಿದಳು. ತಾನು ಇಲ್ಲದಿರುವುದಕ್ಕೆ ಎಷ್ಟು ಬೆಲೆ ಎಂದು ಮನುಷ್ಯರು ಪೈಪೋಟಿಗೆ ಬಿದ್ದದ್ದನ್ನು ಮೌನೇಶ ಬೆಲ್ಲ ಚೀಪುತ್ತ ನೋಡಿದ.

"ನಿಂದೆಷ್ಟೋ ಹುಡುಗಾ?"

"ಇನ್ನೂ ಏರಿಲ್ಲ ಆಯಿ."

ನಿಜಕ್ಕೂ ಮೊದಲ ಕೆಲವು ದಿನ ಏರಲಿಲ್ಲ. ಅರವತ್ತೊಂದು ಇದ್ದದ್ದು ಅರವತ್ತಾಯಿತು. ಸುನಂದಾ ಅಳುತ್ತಿರಬೇಕು, ನಿದ್ದೆ ಮಾಡುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಒಳಗೊಳಗೇ ಒಂದು ನಾಚಿಕೆಗೆಟ್ಟ ಸಂತೋಷವಾಯಿತು. ನೋಡು, ನಾನಿಲ್ಲದೆ ಆಗದು. ಆಮೇಲೆ ಆ ಸಂತೋಷಕ್ಕೇ ಅವನು ಹೆದರಿದ. ಅಂಕ ಏರದಿದ್ದರೆ ತಂಗಿ ಸಾಯುತ್ತಾಳೆ. ಏರಿದರೆ ತಾನು ತನ್ನಪ್ಪ ಎಂದು ಸಾಬೀತಾಗುತ್ತದೆ. ಎರಡರಲ್ಲಿ ತಾನು ಯಾವುದನ್ನು ಬೇಡಿಕೊಳ್ಳುತ್ತಿದ್ದೇನೆಂದು ತುಕ್ಕು ಹಿಡಿದ ಹತ್ತಿಯ ಯಂತ್ರಕ್ಕೆ ಒರಗಿ ಕೂತು ಯೋಚಿಸಿದರೆ ಬೆನ್ನು ಬೆವರುತ್ತಿತ್ತು.

ಆಮೇಲೆ ಏರಿತು. ಅರವತ್ತಾರು. ಎಪ್ಪತ್ತೊಂದು. ಒಂದು ಸಂಜೆ ನೋಡಿದರೆ ಎಪ್ಪತ್ತೊಂಬತ್ತು. ಪರದೆ ಹೇಳಿದ್ದಕ್ಕಿಂತ ಎರಡು ಹೆಚ್ಚೇ.

"ಹದಿನೆಂಟು!" ಕಾಶವ್ವ ಹಣೆ ಬಡಿದುಕೊಂಡಳು. "ಯಪ್ಪಾ, ಇಂವ ನಮ್ಮೆಲ್ಲಾರ ಅಪ್ಪ ಅದಾನ!" ಇಡೀ ಮಿಲ್ಲು ಚಪ್ಪಾಳೆ ತಟ್ಟಿತು. ಹುಸೇನಪ್ಪ ಅವನನ್ನು ಅಪ್ಪಿಕೊಂಡು ಕಿವಿಯಲ್ಲಿ ಕೂಗಿದ, "ಭೇಷ್ ಮಗನ! ನಿನ್ನಂಥಾ ಕೆಟ್ಟಾಂವ ಈ ಮಿಲ್ಲಿಗೆ ಬಂದಿದ್ದಿಲ್ಲ!" ಮುದುಕ ಮನಸಾರೆ ಹೊಗಳಿದ್ದ. ಮೌನೇಶ ಎದ್ದು ಹೋಗಿ ಬಾವಿಯ ಹಿಂದೆ ವಾಂತಿ ಮಾಡಿಕೊಂಡ.

ಮರುದಿನ ಡಾಕ್ಟರು ಫೋನ್ ಮಾಡಿದರು. ಸುನಂದಾಳ ಹೆಸರು ಶಿಫಾರಸಾಗಿತ್ತು. ರಾಜಧಾನಿಯಿಂದ ಆಂಬುಲೆನ್ಸ್ ಬರುತ್ತದೆ. ಅಲ್ಲಿ ಅವಳ ಮಾಂಸ ತೆಗೆದು ತೊಟ್ಟಿಯಲ್ಲಿ ಇಡುತ್ತಾರೆ. "ಒಂದು ಮಾತು, ಮೌನೇಶ" ಎಂದರು. ಅವರ ದನಿ ಸವೆದುಹೋಗಿತ್ತು. "ನಿನ್ನ ದನಿಗೆ ಯಂತ್ರ ಕೆಂಪು ಗುರುತು ಹಾಕ್ಯದ. ಹೊಸ ಕಿಡ್ನಿ ಕೂಡಿ ಎರಡು ವರ್ಷ ಆಗೂತನ ಅದು ಹೋಗೂದಿಲ್ಲ. ಅಷ್ಟರಾಗ ಆಕಿ ಪಟ್ಟಿಗೆ ಎಲ್ಲೆ ನಿನ್ನ ದನಿ ಬಿದ್ರೂ ಹೆಸರು ನಿಂತುಬಿಡ್ತದ. ನಾ ತಗಿಸ್ಲಿಕ್ಕೆ ನೋಡಿದೆ. ಆಗಲಿಲ್ಲ."

ಕಾಶವ್ವನನ್ನು ಕೇಳಿದ್ದಕ್ಕೆ, ಅದು ಖರೆ ಎಂದಳು. ಹಿಂದಿನ ವರ್ಷ ಒಬ್ಬಾತ ತನ್ನ ಹೆಂಡತಿಯನ್ನು ಕಳಿಸಲು ಆಸ್ಪತ್ರೆಯ ಗೇಟಿಗೆ ಹೋಗಿ, ಕಿಟಕಿಯೊಳಗೆ ಬಗ್ಗಿ "ಹುಷಾರು" ಎಂದಿದ್ದನಂತೆ. ಅಷ್ಟಕ್ಕೇ ಗಾಡಿ ನಡುದಾರಿಯಿಂದ ತಿರುಗಿ ಬಂತಂತೆ. ಕಂಡವರು ಯಾರೂ ಇರಲಿಲ್ಲ. ನಂಬದವರೂ ಯಾರೂ ಇರಲಿಲ್ಲ.

ಆಂಬುಲೆನ್ಸ್ ಬಂದ ಬೆಳಿಗ್ಗೆ ಮೌನೇಶ ಮಿಲ್ಲಿನ ಅಂಗಳದಲ್ಲಿ ಕಾಶವ್ವನ ಒಲೆಗೆ ಕಾಲು ಬೆಸೆಯುತ್ತಿದ್ದ. ಗೇಟಿನ ಹೊರಗೆ ಬಿಳಿ ಗಾಡಿ ನಿಂತ ಸದ್ದಾಯಿತು. ನೋಡಿದರೆ ಸುನಂದಾ ಇಳಿಯುತ್ತಿದ್ದಳು. ಹೊಸ ಸೀರೆ, ಕೈಯಲ್ಲಿ ಬ್ಯಾಗು, ಮಣಿಕಟ್ಟಿನಲ್ಲಿ ಪಟ್ಟಿ. ಹಿಂದೆ ನೀಲವ್ವ "ಬ್ಯಾಡ, ಬ್ಯಾಡ" ಎಂದು ಕೈಸನ್ನೆ ಮಾಡುತ್ತ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಪಟ್ಟಿ ಕಂಡದ್ದೇ ಮೈನಸ್ ಮಂದಿಯೆಲ್ಲ ಉಸಿರು ಹಿಡಿದು ಗೋಡೆಗೆ ಸರಿದರು. ಕಾಶವ್ವ ಕೆಮ್ಮನ್ನು ತಡೆಯಲಾಗದೆ ಚಾದರವನ್ನು ಕಚ್ಚಿ ಒಳಗೆ ಓಡಿದಳು.

"ಅಣ್ಣ" ಎಂದಳು ಸುನಂದಾ.

ಅವನು ಎದ್ದು ನಿಂತ. ಕೈಯಲ್ಲಿ ವೆಲ್ಡಿಂಗ್ ಕಡ್ಡಿ ಇನ್ನೂ ಬಿಸಿಯಾಗಿತ್ತು. ಅವಳ ದೀಪ ಹಸಿರಾಗಿತ್ತು.

"ಹೊಂಟೀನಿ. ಹೇಳಿ ಹೋಗೂಣು ಅಂತ ಬಂದೆ." ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. "ಯಾಕ ಸರೀತಿ? ಆವತ್ತು ನೀ ಕೇಳಿದ್ಯಲ್ಲ, ನಾ ಹೇಳ್ಲಿಲ್ಲ. ಈಗ ಹೇಳ್ತೀನಿ ಕೇಳು. ಅಂಜಿಕಿ ಇತ್ತು. ಖರೇನ ಇತ್ತು. ಆದ್ರ ನೀ ಹ್ವಾದ ಮ್ಯಾಲ ಸಂಜಿ ಆದ್ರ ಕಿವಿ ಗಲ್ಲಿ ಕಡೇನ ಇರ್ತಿತ್ತು. ಅದಕ್ಕೇನ್ ಅನ್ನಬೇಕೋ ನನಗೂ ತಿಳೀವಲ್ದು. ನೀ ಇಲ್ಲದ ಮನೀಗೆ ಎಪ್ಪತ್ತೊಂಬತ್ತು ತಗೊಂಡು ನಾ ಏನ್ ಮಾಡ್ಲಿ? ಆ ಕಿಡ್ನಿ ಇಟ್ಕೊಂಡು ಎರಡು ವರ್ಷ ಯಾರ ಮಾರಿ ನೋಡ್ಲಿ? ನೀ ಬ್ಯಾಡ ಅನ್ನು, ಈಗಿಂದೀಗ ಗಾಡಿ ತಿರುಗಿಸಿ ಕಳಿಸ್ತೀನಿ. ಹೋಗು ಅನ್ನು, ಹೋಗ್ತೀನಿ. ಏನರೆ ಒಂದು ಅನ್ನು."

ಅವನಿಗೆ ಅನ್ನಬೇಕಾಗಿದ್ದದ್ದು ಹೋಗು ಎಂದು. ಒಂದೇ ಮಾತು, ಎರಡೇ ಅಕ್ಷರದ್ದು. ಅದನ್ನು ಅಂದರೂ ಗಾಡಿ ಅವಳನ್ನು ಬಿಟ್ಟು ಹೋಗುತ್ತಿತ್ತು.

"ಅಣ್ಣ! ಹೋಗ್ಲ್ಯೋ ಬ್ಯಾಡೋ?"

ದೀಪ ಹಳದಿಗೆ ತಿರುಗಿತು. ಅವನು ಅದನ್ನು ನೋಡಿದ. ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿ ತೆರೆದುಬಿಡುತ್ತಿತ್ತು. ಕಡ್ಡಿಯನ್ನು ನೆಲಕ್ಕೆ ಮೆಲ್ಲಗೆ, ಸದ್ದಾಗದಂತೆ ಇಟ್ಟ. ತಿರುಗಿದ. ಹತ್ತಿಯ ಯಂತ್ರಗಳ ನಡುವಿನ ಓಣಿ ಹಿಡಿದು ಮಿಲ್ಲಿನ ಹಿಂಬಾಗಿಲಿನ ಕಡೆಗೆ, ಅದರಾಚೆಯ ಬಯಲಿನ ಕಡೆಗೆ ನಡೆಯುತ್ತಲೇ ಹೋದ.